ಕುಂಕುಮಕ್ಕಾಗಿ ತೆರೆದಿಟ್ಟ ಅಲಗು

ಉಚಿತ ಉಪಕರಣ ವಿತರಣೆಯ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಮೇಜಿನ ಗಾಜು ಒಡೆದವಳು ನಾನೇ. ಪೊಲೀಸ್ ಠಾಣೆಯಲ್ಲಿ ಇದನ್ನೇ ಹೇಳಿದ್ದೇನೆ, ನ್ಯಾಯಾಲಯದಲ್ಲೂ ಇದನ್ನೇ ಹೇಳುತ್ತೇನೆ. ಆದ್ದರಿಂದ ಇದು ಕ್ಷಮಾಪಣೆಯ ಪತ್ರವೆಂದು ತಿಳಿದು ನೀವು ಕುರ್ಚಿಗೆ ಒರಗಿ ಕೂತಿದ್ದರೆ ದಯವಿಟ್ಟು ನೆಟ್ಟಗೆ ಕುಳಿತುಕೊಳ್ಳಿ. ನನ್ನ ದೂರು ಇಷ್ಟು: ಕೈಯಲ್ಲಿ ಹಿಡಿದು ಮರ ಕೊಯ್ಯುವ, ಚಕ್ರದಂತೆ ತಿರುಗುವ ಅಲಗಿನ ಕರೆಂಟ್ ಯಂತ್ರಗಳನ್ನು ನೀವು ನಮ್ಮ ಹೆಂಗಸರಿಗೆ ಹಂಚಿದಿರಿ. ಹಂಚುವಾಗ ಅದರ ಅಲಗನ್ನು ಮುಚ್ಚುವ ಗಾರ್ಡನ್ನು ತಂತಿಯಿಂದ ಹಿಂದಕ್ಕೆ ಕಟ್ಟಿಸಿ ಹಂಚಿದಿರಿ. ಆ ತಂತಿಯಿಂದಾಗಿ ನನ್ನ ತಮ್ಮನ ಹೆಂಡತಿ ಪ್ರೀತಿಕಾಳ ತೊಡೆ ಸೀಳಿಹೋಯಿತು, ಎಡಗೈಯ ಮೂರು ಬೆರಳು ಹೋದವು. ಹಾಗೆಯೇ ತಂತಿ ಕಟ್ಟಿದ ಇನ್ನೊಂದು ಯಂತ್ರ ಕೋಡಿಂಬಾಳದ ಒಂದು ಮನೆಯಲ್ಲಿ ಇವತ್ತಿಗೂ ಓಡುತ್ತಿದೆ. ಅದನ್ನು ನಿಲ್ಲಿಸಲು ನಿಮ್ಮ ಒಂದು ಮಾತು ಸಾಕು. ಆ ಮಾತನ್ನು ನೀವು ಆಡುತ್ತಿಲ್ಲ.

ಮೊದಲಿಗೆ ನನ್ನದೊಂದು ಸಂಶಯ ಪರಿಹರಿಸಿ. ಪ್ರೀತಿಕಾ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿಮ್ಮ ಕಚೇರಿಯಿಂದ ಮೇಲಿನವರಿಗೆ ಒಂದು ವರದಿ ಹೋಯಿತು. ಅದರಲ್ಲಿ ಈ ಯಂತ್ರ 'ಗುಣಮಟ್ಟ ಪರೀಕ್ಷೆಗೊಳಪಟ್ಟ ಸುರಕ್ಷಿತ ಉಪಕರಣ'. ಅವಘಡಕ್ಕೆ ಕಾರಣ 'ಫಲಾನುಭವಿಯ ಸ್ವಯಂ ನಿರ್ಲಕ್ಷ್ಯ'. ಸ್ವಲ್ಪ ದಿನ ಕಳೆದು ಅದೇ ಯಂತ್ರವನ್ನು ನಾನು ನಿಮ್ಮ ಮೇಜಿನ ಮೇಲೆ ಓಡಿಸಿದೆ. ಅವತ್ತು ನೀವು ಬರೆದುಕೊಟ್ಟ ದೂರಿನಲ್ಲಿ ಅದು 'ಮಾರಕಾಸ್ತ್ರ'. ಮೋಟಾರ್ ಅದೇ, ಬ್ಲೇಡ್ ಅದೇ, ತಂತಿಯೂ ಅದೇ. ನಮ್ಮ ಪೆರಾಬೆಯ ಹೆಂಗಸಿನ ತೊಡೆಯ ಹತ್ತಿರ ಇದ್ದಾಗ ಸುರಕ್ಷಿತವಾಗಿದ್ದದ್ದು ಅಧಿಕಾರಿಯ ಹೊಟ್ಟೆಯ ಹತ್ತಿರ ಬಂದ ಕೂಡಲೇ ಮಾರಕ ಹೇಗಾಯಿತು? ಎರಡು ಕಾಗದಕ್ಕೂ ಸಹಿ ನಿಮ್ಮದೇ. ಯಾವ ಸಹಿಯನ್ನು ನಂಬಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಈಗ ಕಡಬದ ಸಭಾಂಗಣದಲ್ಲಿ ನಡೆದ ವಿತರಣಾ ಕಾರ್ಯಕ್ರಮಕ್ಕೆ ಬರೋಣ. ನಿಮಗದು ಮರೆತುಹೋಗಿರಬಹುದು, ನಿಮಗೆ ಎಷ್ಟು ಕಾರ್ಯಕ್ರಮಗಳೋ. ಜೇನು ಪೆಟ್ಟಿಗೆ ಮಾಡುವ ಹೆಂಗಸರ ಗುಂಪು ನಮ್ಮದು. ಪೆರಾಬೆ, ಕೊಯಿಲ, ಕೋಡಿಂಬಾಳದ ಕಡೆಯವರು ಸೇರಿ ಹಲಗೆ ಕೊಯ್ದು, ಪೆಟ್ಟಿಗೆ ಜೋಡಿಸಿ ಪುತ್ತೂರು ಸುಳ್ಯದ ಜೇನು ಸಾಕುವವರಿಗೆ ಕೊಡುತ್ತೇವೆ. ಅಲ್ಲಿಯವರೆಗೆ ಕೈಗರಗಸದಲ್ಲಿ ಕೊಯ್ದು ಭುಜ ಸವೆಸಿಕೊಂಡವರು ನಾವು. ಯಂತ್ರ ಬರುತ್ತದೆ ಎಂದಾಗ ಹಬ್ಬವೇ ಆಯಿತು. ಎಲ್ಲರೂ ಒಳ್ಳೆಯ ಸೀರೆ ಉಟ್ಟು ಬಂದಿದ್ದೆವು. ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಉದ್ದದ ಮೇಜು, ಅದರ ಮೇಲೆ ಸಾಲಾಗಿ ಹೊಸ ಯಂತ್ರಗಳು, ಒಂದೊಂದರ ಮೇಲೂ ಅಡಿಕೆ ಹಿಂಗಾರದ ಎಸಳು. ಹಂಚುವ ಮೊದಲು ನೀವು ಒಂದೊಂದಕ್ಕೂ ಗಂಧ ಕುಂಕುಮ ಇಡುವುದೆಂದು ಆಗಿತ್ತು.

ನಮ್ಮ ಕಡೆ ಆಯುಧಕ್ಕೆ ಕುಂಕುಮ ಇಡುವುದಾದರೆ ಅದರ ಬಾಯಿಗೇ ಇಡಬೇಕು. ಕತ್ತಿಯ ಹಿಡಿಗೆ ಇಟ್ಟರೆ ಆಗುವುದಿಲ್ಲ, ಹಾರೆಯ ಕಾವಿಗೆ ಇಟ್ಟರೆ ಆಗುವುದಿಲ್ಲ. ನೀವೂ ಈ ಕಡೆಯವರೇ, ನಿಮಗೂ ಗೊತ್ತು. ಆದ್ದರಿಂದ ಒಂದು ಕೈಯಿಂದ ಗಾರ್ಡನ್ನು ಹಿಂದಕ್ಕೆ ಸರಿಸಿ ಇನ್ನೊಂದು ಕೈಯ ಬೆರಳನ್ನು ಬ್ಲೇಡಿನ ಹಲ್ಲಿಗೆ ತಾಗಿಸಲು ಹೋದಿರಿ. ಹಿಡಿತ ಜಾರಿ ಗಾರ್ಡ್ ಟಪ್ಪೆಂದು ಮುಚ್ಚಿಕೊಂಡಿತು. ಅದು ಇರುವುದೇ ಅದಕ್ಕೆ. ಅದರೊಳಗೆ ಒಂದು ಸ್ಪ್ರಿಂಗ್ ಇದೆ. ಯಂತ್ರವನ್ನು ಹಲಗೆಗೆ ಒತ್ತಿ ದೂಡಿದಾಗ ಗಾರ್ಡ್ ಹಿಂದೆ ಸರಿದು ಬ್ಲೇಡಿಗೆ ದಾರಿ ಬಿಡುತ್ತದೆ, ಹಲಗೆಯಿಂದ ಎತ್ತಿದ ಕ್ಷಣವೇ ತಾನಾಗಿ ಮುಂದೆ ಬಂದು ಬ್ಲೇಡನ್ನು ಮುಚ್ಚುತ್ತದೆ. ಎರಡನೇ ಸಲವೂ ಅದು ಮುಚ್ಚಿಕೊಂಡಿತು. ನಿಮ್ಮ ಬಿಳಿ ಅಂಗಿಯ ತೋಳಿಗೆ ಕುಂಕುಮ ಹತ್ತಿತು. ಕೆಳಗೆ ಫೋಟೋ ತೆಗೆಯುವವರು ಕಾಯುತ್ತಿದ್ದರು.

"ಎಂತ ಮಾರಾಯ್ರೆ ಇದು, ಬಾಯಿ ಮುಚ್ಚುದೇ ಇದರ ಕೆಲಸವಾ? ಸ್ವಲ್ಪ ಕಟ್ಟಿಬಿಡಿ ಅದನ್ನು" ಎಂದಿರಿ.

ಮೈಕು ನಿಮ್ಮ ಮುಂದೆಯೇ ಇತ್ತು, ಸಭೆಗೆ ಸಭೆಯೇ ಕೇಳಿ ನಕ್ಕಿತು. ಸಭಾಂಗಣದ ಬೇಲಿಯಾಚೆ ರಬ್ಬರ್ ತೋಟ. ಹಾಲು ಹಿಡಿಯುವ ಚಿಪ್ಪನ್ನು ಸಿಕ್ಕಿಸಲು ಅಲ್ಲಿ ಮರಕ್ಕೊಂದು ತಂತಿ ಕಟ್ಟಿರುತ್ತಾರೆ. ಯಾರೂ ಹೇಳುವ ಮೊದಲೇ ಸೀರೆ ಎತ್ತಿ ಕಟ್ಟಿ, ಬೇಲಿ ದಾಟಿ, ಒಂದು ಮುಷ್ಟಿ ತಂತಿ ತಂದುಕೊಟ್ಟವಳು ಪ್ರೀತಿಕಾ. "ನಮಗೆ ಬೇಕಾದದ್ದು ಇಂಥ ಚುರುಕಿನ ಹೆಣ್ಣುಮಕ್ಕಳು" ಎಂದು ನೀವು ಅವಳನ್ನು ಹೊಗಳಿದಿರಿ, ನಾವೆಲ್ಲ ಚಪ್ಪಾಳೆ ಹೊಡೆದೆವು. ತರಬೇತಿ ಕೊಡಲು ಬಂದವರು ಒಂದೊಂದೇ ಯಂತ್ರದ ಗಾರ್ಡನ್ನು ಹಿಂದಕ್ಕೆ ಎಳೆದು ತಂತಿ ಬಿಗಿದರು. ಅಲಗುಗಳೆಲ್ಲ ಬಾಯಿ ತೆರೆದು ಕೂತವು, ನೀವು ಸರಾಗವಾಗಿ ಕುಂಕುಮ ಹಚ್ಚುತ್ತಾ ಹೋದಿರಿ. ಫೋಟೋ ಚೆನ್ನಾಗಿ ಬಂದಿದೆ.

ಆಮೇಲೆ ತರಬೇತಿ. ಘಟ್ಟದ ಮೇಲಿನಿಂದ ಬಂದ ಆ ಮನುಷ್ಯರಿಗೆ ಸಂಜೆಯ ಬಸ್ಸು ಹಿಡಿಯುವ ಅವಸರ. ತಂತಿ ಕಟ್ಟಿದ ಯಂತ್ರವನ್ನೇ ಎತ್ತಿಕೊಂಡು ಎರಡು ಹಲಗೆ ಕೊಯ್ದು ತೋರಿಸಿದರು. ಕೋಡಿಂಬಾಳದ ತಿಮ್ಮಕ್ಕ ನಮ್ಮ ಗುಂಪಿನ ಹಿರಿಯರು, ಅವರೊಬ್ಬರೇ ಎದ್ದು ನಿಂತು ಕೇಳಿದರು: "ಈ ತಂತಿ ಬಿಚ್ಚುದು ಬೇಡ್ವಾ?"

"ಇರ್ಲಿ ಬಿಡಮ್ಮ, ಹಿಂಗಿದ್ರೆ ಗೆರೆ ಚೆನ್ನಾಗಿ ಕಾಣುತ್ತೆ" ಎಂದರು ಅವರು. ನೀವು ಪಕ್ಕದಲ್ಲೇ ನಿಂತು ತಲೆಯಾಡಿಸಿದಿರಿ. ಕೊನೆಗೆ ಮೈಕಿನಲ್ಲಿ ಎಚ್ಚರಿಕೆಯನ್ನೂ ಕೊಟ್ಟಿರಿ: ಯಂತ್ರವನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳಬೇಕು, ಯಾವ ಬದಲಾವಣೆಯನ್ನೂ ಮಾಡಬಾರದು, ತಪಾಸಣೆಗೆ ಬಂದಾಗ ಬದಲಾವಣೆ ಕಂಡರೆ ವಾಪಸ್ ತೆಗೆದುಕೊಳ್ಳುತ್ತೇವೆ. ನಾವು ಹಾಗೆಯೇ ಇಟ್ಟುಕೊಂಡೆವು. ಸರಕಾರದ ಮಾತನ್ನು ಅಕ್ಷರಶಃ ಪಾಲಿಸಿದವರು ಯಾರಾದರೂ ಬೇಕಿದ್ದರೆ ನಮ್ಮನ್ನು ಕರೆದು ಸನ್ಮಾನ ಮಾಡಬಹುದು, ಒಬ್ಬಳಿಗೆ ಮಾತ್ರ ಹೂಗುಚ್ಛ ಹಿಡಿಯಲು ಸ್ವಲ್ಪ ಕಷ್ಟವಾದೀತು.

ಪ್ರೀತಿಕಾ ಎಂಥವಳು ಎಂದು ನಿಮಗೆ ಗೊತ್ತಿಲ್ಲ. ವರದಿಯಲ್ಲಿ ಅವಳು ಬರೀ ಫಲಾನುಭವಿ. ಅವಳು ನಕ್ಕರೆ ಕೆಳಗಿನ ಮನೆಗೆ ಕೇಳುತ್ತದೆ, ಬೈದರೆ ಅದಕ್ಕೂ ಕೆಳಗಿನ ಮನೆಗೆ. ಯಂತ್ರ ಬಂದ ಮೇಲೆ ಅವಳ ಗತ್ತೇ ಬೇರೆಯಾಗಿತ್ತು. ನನ್ನ ತಮ್ಮ ಮುಟ್ಟಲು ಹೋದರೆ, "ನಿಮ್ಮ ಹೆಸರಿಗೆ ಕೊಟ್ಟದ್ದಲ್ಲ, ನನ್ನ ಹೆಸರಿಗೆ ಕೊಟ್ಟದ್ದು, ಆಚೆ ಹೋಗಿ" ಎನ್ನುತ್ತಿದ್ದಳು. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಮೊಳೆ ಹೊಡೆಯುವುದು, ಅವಳು ಕೊಯ್ಯುವುದು. ಗೆರೆ ತಪ್ಪುತ್ತಿರಲಿಲ್ಲ. ನಿರ್ಲಕ್ಷ್ಯ ಎಂಬ ಶಬ್ದವನ್ನು ನೀವು ಅವಳ ಹೆಸರಿನ ಪಕ್ಕದಲ್ಲಿ ಬರೆದದ್ದು ಓದಿದಾಗ ನನಗೆ ಆ ಕಾಗದವನ್ನು ನಿಮ್ಮ ಬಾಯಿಗೆ ತುರುಕಬೇಕೆಂದು ಅನಿಸಿತು. ಈಗಲೂ ಅನಿಸುತ್ತದೆ.

ನಮ್ಮ ಹೆಂಗಸರಿಗೆ ಅಲಗಿನ ಅಭ್ಯಾಸ ಇಲ್ಲದ್ದಲ್ಲ. ಹುಟ್ಟಿದಾಗಿನಿಂದ ಮೆಟ್ಟುಕತ್ತಿಯ ಮೇಲೆ ಕೂತು ಬೆಳೆದವರು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದರೆ ಅಲಗು ನೆಟ್ಟಗೆ ನಿಂತಿರುತ್ತದೆ, ಹಲಸಿನಕಾಯಿಯನ್ನೋ ಮೀನನ್ನೋ ನಾವು ಅದರ ಹತ್ತಿರ ಒಯ್ಯುತ್ತೇವೆ. ಅದು ನಮ್ಮ ಹತ್ತಿರ ಬರುವುದಿಲ್ಲ. ನಮ್ಮ ಪಾಲಿಗೆ ಅಲಗೆಂದರೆ ನಿಂತಲ್ಲೇ ನಿಲ್ಲುವ ವಸ್ತು. ಹಾಗಾಗಿ ಈ ಯಂತ್ರವನ್ನೂ ನಾವೆಲ್ಲ ನೆಲದಲ್ಲೇ ಕೂತು ಓಡಿಸುತ್ತಿದ್ದೆವು. ಮಣೆ ಎಳೆದುಕೊಂಡು ಕೂರುವುದು, ಹಲಗೆಯನ್ನು ಪಾದದಿಂದ ಒತ್ತಿ ಹಿಡಿಯುವುದು, ಕೊಯ್ಯುವುದು, ಕೊಯ್ದಾದ ಮೇಲೆ ಯಂತ್ರವನ್ನು ಪಕ್ಕದಲ್ಲಿ ಇಡುವುದು. ಹೀಗೆ ಕೂರಬೇಡಿ, ಎದ್ದು ನಿಂತು ಮೇಜಿನ ಮೇಲಿಟ್ಟು ಕೊಯ್ಯಿರಿ ಎಂದು ನಿಮ್ಮ ತರಬೇತಿಯಲ್ಲಿ ಯಾರೂ ಹೇಳಲಿಲ್ಲ. ನಾವು ಕೂತು ಕೆಲಸ ಮಾಡುವವರೆಂದು ನಿಮಗೆ ಗೊತ್ತಿರಲಿಲ್ಲವೇ? ನಿಮ್ಮ ಮನೆಯಲ್ಲಿ ಮೆಟ್ಟುಕತ್ತಿ ಇಲ್ಲವೇ?

ಅವತ್ತು ಬೆಳಿಗ್ಗೆ ಅವಳು ಪೆಟ್ಟಿಗೆಯ ಅಡಿಹಲಗೆ ಕೊಯ್ಯುತ್ತಿದ್ದಳು. ಒಂದು ಹಲಗೆ ಮುಗಿಯಿತು. ಸ್ವಿಚ್ ಬಿಟ್ಟು, ಇನ್ನೊಂದು ಹಲಗೆ ಎಳೆದುಕೊಳ್ಳಲೆಂದು ಯಂತ್ರವನ್ನು ಬಲಗಡೆ ನೆಲದ ಮೇಲೆ ಇಟ್ಟಳು. ಸ್ವಿಚ್ ಬಿಟ್ಟ ಮಾತ್ರಕ್ಕೆ ಬ್ಲೇಡ್ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಗಾರ್ಡ್ ಮುಚ್ಚಿದ್ದರೆ ಅದು ಒಳಗೇ ತಿರುಗಿ ಸುಮ್ಮನಾಗುತ್ತಿತ್ತು. ಗಾರ್ಡ್ ಮುಚ್ಚಿರಲಿಲ್ಲ. ತಿರುಗುತ್ತಿದ್ದ ಹಲ್ಲು ಸಿಮೆಂಟ್ ನೆಲವನ್ನು ಕಚ್ಚಿತು. ಹಾಗೆ ಕಚ್ಚಿದರೆ ಈ ಯಂತ್ರ ಹಿಂದಕ್ಕೆ ಓಡುತ್ತದೆ, ಹಿಂದೆ ಇರುವವರು ಅದನ್ನು ಹಿಡಿದು ಕೂತವರೇ. ಹುಚ್ಚುನಾಯಿ ಬಂದ ಹಾಗೆ ಬಂದು ಅವಳ ಬಲತೊಡೆಗೆ ಏರಿತು.

ನಾನು ನೋಡಿದ್ದೇನೆ, ಮಾನ್ಯರೇ. ನೀವು ವರದಿ ಮಾತ್ರ ನೋಡಿದ್ದೀರಿ, ಆದ್ದರಿಂದ ಬರೆಯುತ್ತೇನೆ. ಚೂಡಿದಾರದ ಬಟ್ಟೆ ಹರಿದ ಶಬ್ದ ಮೊದಲು ಬಂತು, ಆಮೇಲೆ ಶಬ್ದ ಬದಲಾಯಿತು. ಮರ ಕೊಯ್ಯುವ ಶಬ್ದ ಬೇರೆ, ಮಾಂಸ ಕೊಯ್ಯುವ ಶಬ್ದ ಬೇರೆ. ಅವಳು ಎಡಗೈಯಿಂದ ಅದನ್ನು ದೂಡಲು ಹೋದಳು. ಯಾರಾದರೂ ಹಾಗೇ ಮಾಡುತ್ತಾರೆ, ನೀವೂ ಮಾಡುತ್ತಿದ್ದಿರಿ. ಬೆರಳುಗಳು ಮರದ ಹುಡಿಯ ಮೇಲೆ ಬಿದ್ದವು. ಬಟ್ಟೆ ಬ್ಲೇಡಿಗೆ ಸುತ್ತಿಕೊಂಡು ಯಂತ್ರ ಗಕ್ಕೆಂದು ನಿಂತಿತು. ನಿಮ್ಮ ಗಾರ್ಡ್ ಮಾಡಬೇಕಿದ್ದ ಕೆಲಸವನ್ನು ಒಂದು ತುಂಡು ಬಟ್ಟೆ ಮಾಡಿತು, ಆದರೆ ತಡವಾಗಿ. ರಕ್ತ ಹರಿಯಲಿಲ್ಲ, ಚಿಮ್ಮಿತು. ಜೋಡಿಸಿಟ್ಟ ಪೆಟ್ಟಿಗೆಗಳ ಮೇಲೆ, ಗೋಡೆಯ ಮೇಲೆ, ನನ್ನ ಬಾಯಿಯೊಳಗೆ. ನಾನು ಅವಳ ಮೇಲೆ ಬಿದ್ದು ಗಾಯದೊಳಗೆ ನನ್ನ ಮುಷ್ಟಿಯನ್ನೇ ಇಟ್ಟು ಒತ್ತಿದೆ. ಒಳಗೆ ಬಿಸಿಯಾಗಿತ್ತು, ಏನೋ ಬಡಿದುಕೊಳ್ಳುತ್ತಿತ್ತು.

ನಮ್ಮ ಊರಿನಲ್ಲಿ ಜೀಪು ಓಡಿಸುವ ನಿಯಾಝ್ ನನ್ನ ಬೊಬ್ಬೆ ಕೇಳಿ ಓಡಿ ಬಂದ. ಅವನೂ ನನ್ನ ತಮ್ಮನೂ ಸೇರಿ ನಮ್ಮಿಬ್ಬರನ್ನೂ ಒಟ್ಟಿಗೇ ಎತ್ತಿ ಜೀಪಿಗೆ ಹಾಕಿದರು, ಏಕೆಂದರೆ ನಾನು ಮುಷ್ಟಿ ತೆಗೆಯಲು ಒಪ್ಪಲಿಲ್ಲ. ಉಪ್ಪಿನಂಗಡಿ ದಾಟುವಾಗ ಅವಳ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಮಾತಾಡಿಸ್ತಾ ಇರಿ ಅಕ್ಕ, ನಿದ್ರೆ ಮಾಡ್ಲಿಕ್ಕೆ ಬಿಡ್ಬೇಡಿ" ಎಂದು ನಿಯಾಝ್ ಹಾರ್ನಿನ ಮೇಲಿಂದ ಕೈ ತೆಗೆಯದೆ ಕೂಗುತ್ತಿದ್ದ.

ನಾನು ಇನ್ನೊಂದು ಕೈಯಿಂದ ಅವಳ ಕೆನ್ನೆಗೆ ಹೊಡೆದೆ. ಮತ್ತೆ ಹೊಡೆದೆ. ಕಣ್ಣು ಬಿಟ್ಟಳು. "ಅಕ್ಕ, ನನ್ನ ಬೆರಳು ಅಲ್ಲೇ ಉಂಟಾ? ನಾಯಿ ಕೊಂಡೋಗುದು ಬೇಡ" ಎಂದಳು. ಅಷ್ಟು ಹೇಳಿ ನನಗೇ ಬೈದಳು, "ಎಂತಕ್ಕೆ ಹೊಡೆಯುದು ನೀವು, ಮೊದಲೇ ನೋವಾಗ್ತಾ ಉಂಟು."

ಬದುಕಿದಳು. ಬೆರಳು ಜೋಡಿಸಲಾಗಲಿಲ್ಲ. ಬಲಗಾಲು ಎಳೆದು ನಡೆಯುತ್ತಾಳೆ. ಪುತ್ತೂರಿನ ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಕೂತು, ಉಗುರಿನ ಸಂದಿಯಲ್ಲಿ ಅವಳ ರಕ್ತ ಒಣಗಿರುವಾಗ, ನಾನು ಮೊಬೈಲಿನಲ್ಲಿ ಈ ಯಂತ್ರದ ವೀಡಿಯೋಗಳನ್ನು ನೋಡಲು ಶುರುಮಾಡಿದೆ. ಗಾರ್ಡನ್ನು ಯಾವತ್ತೂ ಕಟ್ಟಬಾರದು, ಓಡಿಸುವ ಮೊದಲು ಅದು ತಾನಾಗಿ ಮುಚ್ಚಿಕೊಳ್ಳುತ್ತದೆಯೇ ಎಂದು ನೋಡಲೇಬೇಕು: ಎಲ್ಲರೂ ಮೊಟ್ಟಮೊದಲು ಹೇಳುವುದೇ ಇದು. ಬ್ಲೇಡ್ ಪೂರ್ತಿ ನಿಲ್ಲುವ ತನಕ ಯಂತ್ರವನ್ನು ಕೆಳಗೆ ಇಡಬಾರದು. ಹಲಗೆಯನ್ನು ಕಾಲಿನಲ್ಲಾಗಲಿ ಕೈಯಲ್ಲಾಗಲಿ ಹಿಡಿಯದೆ ಮೇಜಿಗೆ ಕ್ಲಾಂಪ್ ಹಾಕಿ ಬಿಗಿಯಬೇಕು, ಎರಡು ಕೈಯೂ ಯಂತ್ರದ ಮೇಲೆಯೇ ಇರಬೇಕು. ಹಲಗೆಯ ದಪ್ಪಕ್ಕಿಂತ ಒಂದಿಷ್ಟೇ ಹೆಚ್ಚು ಅಲಗು ಕೆಳಗೆ ಇಳಿಯುವಂತೆ ಇಟ್ಟುಕೊಳ್ಳಬೇಕು. ಹಸಿ ಮರ ಬ್ಲೇಡನ್ನು ಹಿಡಿದುಕೊಂಡು ಯಂತ್ರವನ್ನು ಹಿಂದಕ್ಕೆ ಎಸೆಯುತ್ತದೆ, ಆದ್ದರಿಂದ ಅದರ ನೇರಕ್ಕೆ ಯಾವತ್ತೂ ಇರಬಾರದು, ಪಕ್ಕಕ್ಕೆ ನಿಲ್ಲಬೇಕು. ಶಾಲು, ಸೆರಗು ಸೊಂಟಕ್ಕೆ ಬಿಗಿದಿರಬೇಕು. ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ಕೀಳಬೇಕು. ಇಷ್ಟೇ. ಒಂದು ಸಂಜೆಯಲ್ಲಿ ಬೆಂಚಿನ ಮೇಲೆ ಕೂತು ಕಲಿಯಬಹುದಾದದ್ದು. ನಿಮ್ಮ ಸ್ವಾಗತ ಭಾಷಣವೇ ಇದಕ್ಕಿಂತ ಉದ್ದ ಇತ್ತು.

ಅವಳು ಮನೆಗೆ ಬಂದ ಮೇಲೆ ನಾನು ಯಂತ್ರವನ್ನು ಗೋಣಿಚೀಲದಲ್ಲಿ ಹಾಕಿಕೊಂಡು ನಿಮ್ಮ ಕಚೇರಿಗೆ ಬಂದೆ. ಜಗಳಕ್ಕೆ ಬಂದವಳಲ್ಲ. ಉಳಿದ ಮನೆಗಳಿಗೆಲ್ಲ ಒಂದು ಸೂಚನೆ ಕಳಿಸಿ, ತಂತಿ ತೆಗೆಯಲು ಹೇಳಿ ಎಂದು ಕೇಳಲು ಬಂದವಳು. ನೀವು ವರದಿಯ ಪ್ರತಿಯನ್ನು ನನ್ನ ಮುಂದೆ ದೂಡಿದಿರಿ. ನಾನು ತಂತಿಯ ಮಾತೆತ್ತಿದರೆ ಯಾವ ತಂತಿ ಎಂದಿರಿ. ಚೀಲದಿಂದ ಯಂತ್ರ ತೆಗೆದು ತೋರಿಸಿದೆ. ಬ್ಲೇಡಿನ ಬುಡದಲ್ಲಿ ಬಟ್ಟೆಯ ಎಳೆಗಳು ಕಪ್ಪಾಗಿ ಒಣಗಿದ್ದವು. ನೀವು ಮುಖ ತಿರುಗಿಸಿ ಹೇಳಿದಿರಿ: "ಹೆಂಗಸರ ಕೈಗೆ ಇಂಥದ್ದೆಲ್ಲ ಕೊಡ್ಲೇಬಾರದಿತ್ತು. ನಮ್ಮದೇ ತಪ್ಪು."

ನಿಮ್ಮ ಬಾಯಲ್ಲಿ ಬಂದ ತಪ್ಪೊಪ್ಪಿಗೆ ಅದೊಂದೇ, ಅದೂ ಹೀಗೆ.

ನಿಮ್ಮ ಮೊಬೈಲ್ ಚಾರ್ಜರನ್ನು ಕಿತ್ತು ಆ ಜಾಗಕ್ಕೆ ಯಂತ್ರದ ಪ್ಲಗ್ ಹಾಕಿದೆ. ಸ್ವಿಚ್ ಒತ್ತಿದೆ, ಬಿಟ್ಟೆ, ಮೇಜಿನ ಮೇಲೆ ಇಟ್ಟೆ. ಪ್ರೀತಿಕಾ ಇಟ್ಟ ಹಾಗೆಯೇ. ಅದರ ಹಿಂಬದಿಯನ್ನು ನಿಮ್ಮ ಕಡೆಗೆ ತಿರುಗಿಸಿ ಇಡಬಹುದಿತ್ತು. ಆಸೆ ಆಗಿತ್ತು, ಸುಳ್ಳು ಹೇಳುವುದಿಲ್ಲ. ಖಾಲಿ ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ. ಗಾಜು ಸಿಡಿಯಿತು, ಹಲ್ಲು ಕೆಳಗಿನ ಪ್ಲೈವುಡ್ಡನ್ನು ಕಚ್ಚಿತು, ಯಂತ್ರ ಮೇಜಿನ ಉದ್ದಕ್ಕೂ ಓಡಿ ನೀರಿನ ಜಗ್ಗನ್ನು ಉರುಳಿಸಿ ನಿಮ್ಮ ಹೆಸರಿನ ಫಲಕವನ್ನು ಎರಡು ಮಾಡಿ ಕೆಳಗೆ ಬಿತ್ತು. ದೂರಿನಲ್ಲಿ ಇಲ್ಲಿಯವರೆಗೆ ಸರಿಯಾಗಿಯೇ ಬರೆದಿದ್ದೀರಿ. ಮುಂದಿನದ್ದು ಬರೆದಿಲ್ಲ. ನಾನು ಪ್ಲಗ್ ಕಿತ್ತು, ಚೀಲದಲ್ಲಿದ್ದ ಇಕ್ಕಳದಿಂದ ತಂತಿಯನ್ನು ಕಡಿದೆ. ಗಾರ್ಡ್ ಟಪ್ಪೆಂದು ಮುಚ್ಚಿತು. ಅಷ್ಟು ದಿನ ಕಟ್ಟಿಹಾಕಿದ್ದರೂ ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ಮತ್ತೆ ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಬಿಟ್ಟು, ಅದೇ ಮುರಿದ ಮೇಜಿನ ಮೇಲೆ ಇಟ್ಟೆ. ಇಟ್ಟಲ್ಲೇ ಕೂತಿತು. ಒಳಗೊಳಗೇ ತಿರುಗಿ ತಿರುಗಿ ನಿಂತಿತು. ಅದನ್ನು ನಿಮಗೆ ತೋರಿಸಬೇಕೆಂದೇ ನಾನು ಬಂದದ್ದು, ಆದರೆ ನೀವು ಅಷ್ಟರಲ್ಲಿ ಬಾಗಿಲಾಚೆ ಇದ್ದಿರಿ. ನೋಡಿದ್ದು ನಿಮ್ಮ ಗುಮಾಸ್ತರು ಒಬ್ಬರೇ.

ಜಾಮೀನು ಸಿಕ್ಕಿದ ಮೇಲೆ ಅದೇ ಗುಮಾಸ್ತರನ್ನು ರಸ್ತೆಯಲ್ಲಿ ಹಿಡಿದು ಕೇಳಿದೆ, ಸೂಚನೆ ಯಾಕೆ ಕಳಿಸುತ್ತಿಲ್ಲ ಎಂದು. ಅವರು ಆಚೀಚೆ ನೋಡಿ ಹೇಳಿದರು: "ಈಗ ತಂತಿ ಬಿಚ್ಚಿ ಅಂತ ಹೇಳಿದ್ರೆ, ತಂತಿ ಕಟ್ಟಿ ಕೊಟ್ಟದ್ದು ಹೌದು ಅಂತ ನಾವೇ ಒಪ್ಪಿಕೊಂಡ ಹಾಗೆ ಆಗ್ತದಲ್ಲ ಮೇಡಂ. ವಕೀಲರು ಬೇಡ ಅಂದಿದ್ದಾರೆ."

ಹಾಗೋ! ಹೆಂಗಸರ ತೊಡೆ ಸೀಳಬಹುದು, ನಿಮ್ಮ ಕಡತಕ್ಕೆ ಗೀರು ಬೀಳಬಾರದು. ಇದನ್ನು ಯಾವ ವಕೀಲರು ಹೇಳಿಕೊಟ್ಟರೋ ಅವರ ಮನೆಗೂ ಒಂದು ಯಂತ್ರ ಕಳಿಸಿಕೊಡಿ, ಕುಂಕುಮ ಹಚ್ಚಿ.

ನೀವು ಮಾಡದ ಕೆಲಸವನ್ನು ನಾನೇ ಮಾಡಲು ಹೊರಟೆ. ಇಕ್ಕಳ ಹಿಡಿದು ಮನೆ ಮನೆಗೆ ಹೋದೆ. 'ಆಫೀಸಿಗೆ ನುಗ್ಗಿದವಳು' ಎಂದು ಕೆಲವರು ಬಾಗಿಲು ಅರ್ಧ ತೆರೆದರು. ತಪಾಸಣೆಗೆ ಬಂದವರು ಯಂತ್ರ ಕೊಂಡುಹೋದರೆ ಏನು ಮಾಡುವುದು ಎಂದು ಕೆಲವರು ಹೆದರಿದರು. ಪ್ರೀತಿಕಾಳನ್ನೂ ಜೊತೆಗೆ ಕರೆದುಕೊಂಡು ಹೋಗಲು ಶುರುಮಾಡಿದೆ. ಅವಳು ಎಡಗೈಯನ್ನು ಯಂತ್ರದ ಪಕ್ಕದಲ್ಲಿ ಇಡುತ್ತಿದ್ದಳು, ಅಷ್ಟೇ. ಒಂದೊಂದೇ ತಂತಿ ಕಡಿಯುತ್ತಾ ಬಂದೆವು. ಯಂತ್ರಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಾವು ಕೇಳುತ್ತಿಲ್ಲ, ಇದನ್ನು ಚೆನ್ನಾಗಿ ಓದಿಕೊಳ್ಳಿ. "ಗಾರ್ಡ್ ಸರಿ ಇದ್ರೆ ನಾನು ನಾಳೆಯೇ ಮೇಜು ಹಾಕಿ ಕೊಯ್ತೇನೆ" ಎನ್ನುತ್ತಾಳೆ ಪ್ರೀತಿಕಾ. ಹೆಂಗಸರ ಕೈಗೆ ಕೊಡಬಾರದಿತ್ತು ಎಂಬ ನಿಮ್ಮ ಮಾತಿಗೆ ಅದೇ ಉತ್ತರ.

ಉಳಿದದ್ದು ಕೋಡಿಂಬಾಳದ ತಿಮ್ಮಕ್ಕನ ಮನೆ ಒಂದೇ. ಅವರ ಗಂಡ ಕುಶಾಲಪ್ಪ ಗೌಡರು ಮರ್ಯಾದಸ್ಥರು. ಗೇಟಿನ ಹತ್ತಿರವೇ ಬಂದು ಮಾತಾಡಿಸಿದರು, ಆದರೆ ಗೇಟು ತೆಗೆಯಲಿಲ್ಲ.

"ನೀವು ಹೇಳುದು ಸರಿ ಇರಬಹುದು. ಆದ್ರೆ ಕಟ್ಟಿಸಿದ್ದು ಆಫೀಸರ್, ಕುಂಕುಮ ಹಚ್ಚಿದ್ದು ಆಫೀಸರ್, ಹಾಗೇ ಇರಬೇಕು ಅಂತ ಹೇಳಿದ್ದೂ ಆಫೀಸರ್. ನಿಮ್ಮ ಮೇಲೆ ಕೇಸ್ ಉಂಟು. ನಾನು ಯಾರ ಮಾತು ಕೇಳುದು ಹೇಳಿ?"

"ಪ್ರೀತಿಕಾಳ ಕೈ ನೋಡಿ ಕುಶಾಲಪ್ಪಣ್ಣ."

"ನೋಡಿದೆ. ಬೇಸರ ಆಗ್ತದೆ. ಆಫೀಸರ್ ಒಂದು ಮಾತು ಹೇಳ್ಲಿ, ಆ ಗಳಿಗೆಯಲ್ಲೇ ಬಿಚ್ತೇನೆ."

ಹಿಂದೆ ಜಗಲಿಯಲ್ಲಿ ತಿಮ್ಮಕ್ಕ ನಿಂತಿದ್ದರು, ಸೆರಗಿನ ತುಂಬ ಮರದ ಹುಡಿ. "ನಾನು ಅವತ್ತೇ ಕೇಳಿದ್ದಲ್ವಾ ಮೋಹಿನಿ? ಇರಲಿ ಅಂತ ಹೇಳಿದ್ದು ಅವರೇ" ಎಂದರು. ನಾವು ಗೇಟಿನ ಹೊರಗೆ ಇನ್ನೂ ನಿಂತಿರುವಾಗಲೇ ಒಳಗೆ ಹೋದರು. ಯಂತ್ರ ಶುರುವಾಯಿತು. ಪ್ರೀತಿಕಾ ಬಲಗೈಯಿಂದ ಗೇಟಿನ ಸರಳನ್ನು ಬಿಗಿಯಾಗಿ ಹಿಡಿದಳು. ಶಬ್ದ ನಿಲ್ಲುವ ಪ್ರತಿ ಸಲವೂ, ಈಗ ಕೆಳಗೆ ಇಡುತ್ತಾರೆ, ಈಗ ಇಡುತ್ತಾರೆ ಎಂದು ಇಬ್ಬರೂ ಕಿವಿಗೊಟ್ಟು ನಿಂತೆವು. ಅವತ್ತು ಏನೂ ಆಗಲಿಲ್ಲ.

ಮಾನ್ಯರೇ, ಸುಳ್ಯದಲ್ಲಿ ನಿಮ್ಮ ಮುಂದಿನ ವಿತರಣೆ ಇದೆ ಎಂದು ಕೇಳಿದ್ದೇನೆ. ಅಲ್ಲಿ ಗಾರ್ಡ್ ಕಟ್ಟಬೇಡಿ, ನಿಜವಾದ ತರಬೇತಿ ಕೊಡಿ, ಮೇಜು ಮತ್ತು ಕ್ಲಾಂಪ್ ಜೊತೆಗೇ ಕೊಡಿ ಎಂಬುದು ನನ್ನ ಆಗ್ರಹ. ಅದಕ್ಕಾಗಿ ಎಷ್ಟು ದಿನ ಬೇಕಾದರೂ ನಿಮ್ಮೊಡನೆ ಹೊಡೆದಾಡುತ್ತೇನೆ. ಆದರೆ ಇವತ್ತು ನಾನು ಕೇಳುವುದು ಅದಲ್ಲ. ಇವತ್ತು ಕುಶಾಲಪ್ಪ ಗೌಡರಿಗೆ ಒಂದು ಫೋನ್ ಮಾಡಿ. ನಂಬರ್ ನಿಮ್ಮ ಕಚೇರಿಯಲ್ಲೇ ಇದೆ. ಬರೆದು ಕೊಡುವುದು ಬೇಡ, ಸಹಿ ಬೇಡ, ಮೊಹರು ಬೇಡ. ತಂತಿ ಬಿಚ್ಚಿ ಎಂಬ ಎರಡೇ ಶಬ್ದ.

ಅಷ್ಟು ಹೇಳಿದರೂ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಭಯವೇ? ಹಾಗಾದರೆ ಹೀಗೆ ಹೇಳಿ: ನಾವು ಯಂತ್ರವನ್ನು ಸರಿಯಾಗಿಯೇ ಕೊಟ್ಟಿದ್ದೆವು, ಪೆರಾಬೆಯ ಮೋಹಿನಿ ಎಂಬ ಹುಚ್ಚಿಯೊಬ್ಬಳು ಎಲ್ಲ ಯಂತ್ರಕ್ಕೂ ತಂತಿ ಕಟ್ಟಿದ್ದಾಳೆ, ನಿಮ್ಮ ಹೆಂಡತಿಯ ಜೀವಕ್ಕೆ ಅಪಾಯ, ಈಗಲೇ ಕಡಿದು ಬಿಸಾಡಿ. ಇನ್ನೊಂದು ಕೇಸ್ ಹಾಕಿ. ಠಾಣೆಗೆ ನಾನೇ ಬರುತ್ತೇನೆ, ಕಟ್ಟಿದ್ದು ನಾನೇ ಎಂದು ಹೇಳುತ್ತೇನೆ, ಎಲ್ಲಿ ಬೇಕೋ ಅಲ್ಲಿ ಸಹಿ ಹಾಕುತ್ತೇನೆ. ಕೊಟ್ಟಿಗೆಯ ಕೆಲಸ ಮುಗಿದ ಕೂಡಲೇ ತಿಮ್ಮಕ್ಕ ಮಣೆ ಎಳೆದುಕೊಂಡು ಕೂರುತ್ತಾರೆ. ನೀವು ಪತ್ರಿಕೆ ಬಿಡಿಸುವ ಹೊತ್ತಿಗೆ ಮೊದಲ ಹಲಗೆ ಮುಗಿದಿರುತ್ತದೆ. ಓದಿದ್ದು ಸಾಕು, ಫೋನ್ ಎತ್ತಿ.

ಇಂತಿ,
ನಿಮಗೆ ಅನುಕೂಲವಾಗುವುದಾದರೆ ಆ ತಂತಿಯನ್ನೂ ಕಟ್ಟಿದವಳು,
ಮೋಹಿನಿ
ಪೆರಾಬೆ, ಕಡಬ ತಾಲೂಕು